ಭೂಮಿ ಎಂಬ ಬುಗುರಿ

ಅಕ್ಕಂದಿರೇ, ಅವ್ವಂದಿರೇ, ಓಣಿಯಾಗ ಹುಡುಗರು ಬುಗುರಿ ಆಡಿಸೋದು ನೋಡೀರಲ್ಲ? ದಾರ ಸುತ್ತಿ ಒಗೆದರೆ ಬುಗುರಿ ಗರಗರ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಒಂದು ಕಡೆ ವಾಲುತ್ತದೆ. ಆದರೂ ಬೀಳುವುದಿಲ್ಲ. ಬುಗುರಿ ತಿರುಗುತ್ತಲೇ ಇರುತ್ತದೆ, ವಾಲಿದ ತಲೆಯೂ ನಿಧಾನವಾಗಿ ಸುತ್ತು ಹಾಕುತ್ತದೆ.

ನಮ್ಮ ಭೂಮಿಯೂ ಹೀಗೇ. ಅದು ವಾಲಿಕೊಂಡೇ ತಿರುಗುತ್ತದೆ. ತನ್ನ ಸುತ್ತ ತಿರುಗಲು ಒಂದು ದಿನ ಸಾಕು. ವಾಲಿದ ತಲೆ ಒಂದು ಸುತ್ತು ಬರಲು ಮಾತ್ರ ಸುಮಾರು 26,000 ವರ್ಷ ಬೇಕು! ಯಾಕೆ ಹೀಗೆ? ಭೂಮಿ ಪೂರ್ತಿ ದುಂಡಗಿಲ್ಲ. ನಡು ಸ್ವಲ್ಪ ದಪ್ಪ. ಆ ದಪ್ಪ ನಡುವನ್ನು ಚಂದ್ರ, ಸೂರ್ಯ ಜಗ್ಗುತ್ತವೆ.

ಈ ನಿಧಾನದ ಸುತ್ತಿಗೆ ‘ಅಯನ ಚಲನೆ’ ಎನ್ನುತ್ತಾರೆ. ಬಿಡಿಸಿ ಓದಿರಿ: ಅ-ಯ-ನ ಚ-ಲ-ನೆ. ಅಯನ ಎಂದರೆ ಸೂರ್ಯನ ನಡೆ. ಉತ್ತರಾಯಣ ಎಂಬ ಮಾತಿನಲ್ಲಿ ಅದೇ ಇದೆ. ಚಲನೆ ಎಂದರೆ ಸರಿಯುವುದು.

‘ಇದು ನಮಗ್ಯಾಕ್ರೀ ಅಕ್ಕೋರ?’ ಅಂತೀರಿ. ಕ್ಯಾಲೆಂಡರ್ ತೆಗೀರಿ. ಸಂಕ್ರಮಣ ಜನವರಿ 14 ಅಥವಾ 15ಕ್ಕೆ ಬರುತ್ತದೆ. ನಮ್ಮ ಬಾಡಗಂಡಿ ಕಡೆ ಅಂದು ಎಳ್ಳು ಹಚ್ಚಿ ಜಳಕ ಮಾಡ್ತೀವಿ. ‘ಇವತ್ತಿನಿಂದ ಉತ್ತರಾಯಣ, ಹಗಲು ಬೆಳೀತದ’ ಅಂತೀವಿ. ನಿಜವಾಗಿ ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 22ರ ಸುಮಾರಿಗೆ. ಮೂರು ವಾರಕ್ಕೂ ಮೊದಲೇ!

ಹಾಗಾದರೆ ಹಿರಿಯರು ತಪ್ಪು ಹೇಳಿದರೇ? ಇಲ್ಲ. ಸುಮಾರು 1,700 ವರ್ಷದ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಸಂಕ್ರಮಣದ ಲೆಕ್ಕ ನಕ್ಷತ್ರದ್ದು, ಸೂರ್ಯ ಮಕರ ರಾಶಿಗೆ ಬರಬೇಕು. ಹಗಲು ಬೆಳೆಯುವ ಲೆಕ್ಕ ಭೂಮಿಯ ವಾಲಿಕೆಯದ್ದು. ವಾಲಿದ ತಲೆ ಸರಿದಂತೆ ಇವೆರಡರ ನಡುವೆ ಸುಮಾರು 72 ವರ್ಷಕ್ಕೊಂದು ದಿನ ಅಂತರ ಬೀಳುತ್ತದೆ. ಪಂಚಾಂಗ ಮಾಡುವವರಿಗೆ ಇದು ಗೊತ್ತು. ‘ಅಯನಾಂಶ’ ಎಂದು ಪಂಚಾಂಗದಲ್ಲಿ ಬರೆಯುವುದು ಈ ಅಂತರವನ್ನೇ. ಹಬ್ಬ ಇದ್ದ ದಿನವೇ ಇರಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಆ ದಿನವೇ ರುಚಿ. ಆದರೆ ಮಕ್ಕಳು ಕೇಳಿದರೆ ಹಗಲು ಬೆಳೆಯುವ ದಿನ ಯಾವುದು ಅಂತ ಸರಿಯಾಗಿ ಹೇಳಿರಿ.

ನನ್ನ ಮಾತು ಹಾಗೇ ನಂಬಬೇಡಿರಿ. ಅಂಗಳದಲ್ಲಿ ಮೂರು ಅಡಿ ಕೋಲು ನೆಟ್ಟಗೆ ನಿಲ್ಲಿಸಿರಿ. ಡಿಸೆಂಬರ್ 22ರಂದು, ಮಧ್ಯಾಹ್ನ 12ರಿಂದ 1ರ ನಡುವೆ, ನೆರಳು ಎಲ್ಲಕ್ಕಿಂತ ಗಿಡ್ಡವಾದಾಗ ತುದಿಗೆ ಗೆರೆ ಎಳೆಯಿರಿ. ಸಂಕ್ರಮಣದ ದಿನ ಮತ್ತೆ ಹಾಗೇ ಗೆರೆ ಎಳೆಯಿರಿ. ನೆರಳು ಸುಮಾರು ಎರಡು ಇಂಚು ಕಡಿಮೆ ಆಗಿರುತ್ತದೆ. ಎರಡೂ ತಾರೀಖು, ಎರಡೂ ಅಳತೆ ಪಾಟಿಯ ಮೇಲೆ ಬರೆದು ತರಗತಿಗೆ ತನ್ನಿರಿ.