ಈ ಹಲಗೆ ಯಾವ ಕಾಡಿನದು? ಅಂಗಡಿ ಮುಂದೆ ನಿಂತು ಕೇಳಿದವರ ಕಥೆ

ಸಾಗುವಾನಿ, ಸಿಲ್ವರ್ ಓಕ್, ಹೆಬ್ಬೇವು ಹಾಕಿರುವವರು ನನ್ನನ್ನು ಹೆಚ್ಚಾಗಿ ಕೇಳೋದು ಒಂದೇ ಪ್ರಶ್ನೆ: "ಸಾರ್, ಕಟಾವಿಗೆ ಬಂದಾಗ ರೇಟು ಎಷ್ಟು ಸಿಗುತ್ತೆ?" ಈ ವಾರ ಅದರ ಪಕ್ಕದ ಪ್ರಶ್ನೆ ನೋಡೋಣ. ನಿಮ್ಮ ಮರ ಎಲ್ಲಿ ಬೆಳೆದದ್ದು ಅಂತ ಕೊಳ್ಳುವವನು ಕೇಳಿದರೆ ತೋರಿಸೋಕೆ ನಿಮ್ಮ ಹತ್ತಿರ ಏನಿದೆ? ಈ ಪ್ರಶ್ನೆ ಮಾರುಕಟ್ಟೆಗೆ ಬಂದ ದಾರಿ ಗೊತ್ತಾದರೆ, ಮುಂದೆ ಅದು ಯಾಕೆ ಜೋರಾಗುತ್ತದೆ ಅನ್ನೋದೂ ಅರ್ಥವಾಗುತ್ತದೆ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತ್ಯವಿದೆ. ನೂರಾರು ವರ್ಷ ವಯಸ್ಸಿನ ಸೀಡರ್ ಮರಗಳ ಮಳೆಕಾಡು ಅಲ್ಲಿದೆ. 1993ರ ಬೇಸಿಗೆಯಲ್ಲಿ ಅಲ್ಲಿನ ಕ್ಲೇಯೋಕ್ವಾಟ್ ಸೌಂಡ್ ಪ್ರದೇಶದ ಕಾಡು ಕಡಿಯೋದನ್ನು ತಡೆಯಲು ಜನ ರಸ್ತೆಗೇ ಅಡ್ಡ ಕೂತರು. 800ಕ್ಕೂ ಹೆಚ್ಚು ಜನರ ಬಂಧನವಾಯಿತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು, ಆದರೆ ಆ ಕರಾವಳಿಯುದ್ದಕ್ಕೂ ಕೊಡಲಿ ನಿಲ್ಲಲಿಲ್ಲ. ಕಡಿದ ಮರಕ್ಕೆ ಕೊಳ್ಳುವವರು ಇದ್ದರಲ್ಲ!

ಹಾಗಾದರೆ ಕೊಳ್ಳುವವನನ್ನೇ ಹಿಡಿಯೋಣ ಅಂತ ಹೊರಟವರಲ್ಲಿ ಅಮೆರಿಕದ ರೈನ್‌ಫಾರೆಸ್ಟ್ ಆ್ಯಕ್ಷನ್ ನೆಟ್‌ವರ್ಕ್ ಮುಖ್ಯವಾದದ್ದು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಸಂಘಟನೆ. 1987ರಲ್ಲೇ ಅದಕ್ಕೆ ಒಂದು ಗೆಲುವು ಸಿಕ್ಕಿತ್ತು: ಮಧ್ಯ ಅಮೆರಿಕದ ಕಾಡು ಕಡಿದು ಮೇಯಿಸಿದ ದನದ ಮಾಂಸ ಕೊಳ್ಳುವುದನ್ನು ಬರ್ಗರ್ ಕಿಂಗ್ ಕೈಬಿಟ್ಟಿತ್ತು. ಹತ್ತು ವರ್ಷದ ನಂತರ ಅವರು ಕಣ್ಣಿಟ್ಟದ್ದು ಹೋಮ್ ಡಿಪೋ ಮೇಲೆ. ನಮ್ಮ ಹಾರ್ಡ್‌ವೇರ್ ಅಂಗಡಿ, ಮರದ ಡಿಪೋ, ಪೇಂಟ್ ಅಂಗಡಿ ಎಲ್ಲ ಒಂದೇ ಸೂರಿನಡಿ ಇದ್ದರೆ ಹೇಗೋ ಹಾಗೆ ಅದು. ದೇಶದ ತುಂಬ ನೂರಾರು ಮಳಿಗೆ, ಶನಿವಾರ ಭಾನುವಾರ ಕಾರು ನಿಲ್ಲಿಸೋಕೆ ಜಾಗ ಇರದಷ್ಟು ಜನ.

ಅವರ ಲೆಕ್ಕಾಚಾರ ಗಮನಿಸಿ. ಕಾಡಿನೊಳಗೆ ಮರ ಕಡಿಯುವ ಕಂಪನಿಯ ಹೆಸರು ಸಾಮಾನ್ಯ ಗ್ರಾಹಕನಿಗೆ ಗೊತ್ತೇ ಇರಲ್ಲ, ಹೆಸರು ಕೆಟ್ಟರೂ ಅದಕ್ಕೆ ಅಷ್ಟೇನೂ ನಷ್ಟವಿಲ್ಲ. ಅಂಗಡಿಗೆ ಹಾಗಲ್ಲ, ಅದು ಬದುಕೋದೇ ಹೆಸರಿನ ಮೇಲೆ. ಜೊತೆಗೆ ಪ್ರತಿ ಊರಲ್ಲೂ ಅದಕ್ಕೊಂದು ಬಾಗಿಲಿದೆ. ಕೆನಡಾಕ್ಕೋ ಅಮೆಜಾನಿಗೋ ಹೋಗೋಕೆ ಆಗದ ಕಾಲೇಜು ಹುಡುಗ, ನಿವೃತ್ತ ಮೇಷ್ಟ್ರು, ಯಾರು ಬೇಕಾದರೂ ಆ ಬಾಗಿಲಲ್ಲಿ ಒಂದು ಬೋರ್ಡು ಹಿಡಿದು ನಿಲ್ಲಬಹುದು.

ನಿಂತರು ಕೂಡ. ಎಷ್ಟೋ ಊರುಗಳಲ್ಲಿ ಮಳಿಗೆ ಮುಂದೆ ಧರಣಿ ನಡೆಯಿತು, ಷೇರುದಾರರ ಸಭೆವರೆಗೂ ಮಾತು ಹೋಯಿತು. ನನಗೆ ತುಂಬ ಇಷ್ಟವಾದದ್ದು ಒಂದು ತುಂಟತನ. ಮಳಿಗೆಯೊಳಗೆ ಸಿಬ್ಬಂದಿ ಬಳಸುವ ಧ್ವನಿವರ್ಧಕದ ಕೋಡ್ ಕಾರ್ಯಕರ್ತರ ಕೈಗೆ ಸಿಕ್ಕಿತು. ಆಮೇಲೆ ಕೇಳಬೇಕೆ? ಗ್ರಾಹಕರು ಮೊಳೆ, ಬಲ್ಬು ಆರಿಸುತ್ತಿರುವಾಗ ಮೇಲಿಂದ ಘೋಷಣೆ: ಇಂಥ ಸಾಲಿಗೆ ಬನ್ನಿ, ಅಮೆಜಾನ್ ಕಾಡು ಸೀಳಿ ತಂದ ಮಹಾಗನಿ ಇಲ್ಲಿದೆ ಅಂತ! ಒಂದು ಗಾಜು ಒಡೆಯಲಿಲ್ಲ, ಒಬ್ಬರಿಗೂ ಪೆಟ್ಟಾಗಲಿಲ್ಲ. ಮ್ಯಾನೇಜರ್ ಮುಖ ಮಾತ್ರ ಕೆಂಪಾಗಿರಬೇಕು.

ಸುಮಾರು ಎರಡು ವರ್ಷದ ಒತ್ತಡದ ನಂತರ, 1999ರ ಆಗಸ್ಟ್‌ನಲ್ಲಿ ಕಂಪನಿ ಒಪ್ಪಿತು. ಅಪಾಯದಲ್ಲಿರುವ ಕಾಡಿನ ಮರವನ್ನು 2002ರ ಅಂತ್ಯದೊಳಗೆ ನಿಲ್ಲಿಸುತ್ತೇವೆ, ಪ್ರಮಾಣಪತ್ರ ಇರುವ ಮರಕ್ಕೆ ಮೊದಲ ಆದ್ಯತೆ ಕೊಡುತ್ತೇವೆ ಎಂದಿತು. ಮರುವರ್ಷ ಅದರ ಪ್ರತಿಸ್ಪರ್ಧಿ ಲೋವ್ಸ್ ಕೂಡ ಅದೇ ದಾರಿಗೆ ಬಂತು.

ಮಾತು ಕೊಟ್ಟಾಯಿತು, ಉಳಿಸಿಕೊಳ್ಳಬೇಕಲ್ಲ? ಅದಕ್ಕೆ ಪ್ರತಿ ಹಲಗೆ, ಬಾಗಿಲು, ಪೊರಕೆಯ ಹಿಡಿ ಎಲ್ಲಿಂದ ಬಂತು ಅಂತ ಸರಬರಾಜುದಾರರನ್ನು ಕೇಳಬೇಕಾಯಿತು. ಅಂಗಡಿಯವನು ಡೀಲರನ್ನು, ಡೀಲರ್ ಸಾಮಿಲ್‌ನವನನ್ನು, ಸಾಮಿಲ್‌ನವನು ಮರ ಕಡಿದವನನ್ನು ಕೇಳಿದ. ಪ್ರಶ್ನೆ ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕಾಡು ತಲುಪಿತು. ಬ್ರಿಟಿಷ್ ಕೊಲಂಬಿಯಾದ ಕಂಪನಿಗಳು ಮಾತುಕತೆಗೆ ಕೂರಲು ಒಂದು ದೊಡ್ಡ ಕಾರಣ ಹೀಗೆ ಗಿರಾಕಿಗಳು ಕೈತಪ್ಪುವ ಭಯ. ಅಲ್ಲಿನ ಮೂಲನಿವಾಸಿ ಸಮುದಾಯಗಳು, ಸರ್ಕಾರ, ಕಂಪನಿಗಳು, ಪರಿಸರ ಸಂಘಟನೆಗಳು ವರ್ಷಗಟ್ಟಲೆ ಕೂತು ಮಾತಾಡಿದ ಮೇಲೆ 2016ರಲ್ಲಿ ಅಂತಿಮ ಒಪ್ಪಂದವಾಯಿತು. ಗ್ರೇಟ್ ಬೇರ್ ಮಳೆಕಾಡಿನ ಶೇ. 85ರಷ್ಟು ಭಾಗದಲ್ಲಿ ವಾಣಿಜ್ಯ ಕಟಾವು ಬಂದ್.

ಒಂದು ವಿಷಯ ಮಾತ್ರ ನನಗೆ ಸಮಾಧಾನ ಕೊಡಲ್ಲ. ದಾಖಲೆ ಕೇಳುವ ಪದ್ಧತಿ ಬಂದಾಗ ದೊಡ್ಡ ಕಂಪನಿ ಒಂದು ವಿಭಾಗವನ್ನೇ ತೆರೆದು ಕಾಗದ ಸಿದ್ಧಮಾಡಿಕೊಳ್ಳುತ್ತದೆ. ಎರಡು ಎಕರೆಯ ರೈತ ಏನು ಮಾಡಬೇಕು? ಕಾಡು ಕಡಿಯದಿದ್ದರೂ ಕಾಗದ ಇಲ್ಲದ್ದಕ್ಕೆ ಅವನು ಹೊರಗುಳಿಯಬಹುದು. 1993ರಲ್ಲಿ ಶುರುವಾದ ಎಫ್‌ಎಸ್‌ಸಿ ಪ್ರಮಾಣಪತ್ರದಲ್ಲಿ ಸಣ್ಣ ರೈತರು ಗುಂಪಾಗಿ ಸೇರಿ ಖರ್ಚು ಹಂಚಿಕೊಳ್ಳುವ ಅವಕಾಶ ಇದೆ. ಆದರೂ ಒಬ್ಬೊಬ್ಬರೇ ಇರುವವರಿಗೆ ಅದು ಭಾರವೇ.

ಅಂಗಡಿ ಬಾಗಿಲಲ್ಲಿ ಕೇಳಿದ ಪ್ರಶ್ನೆ ಈಗ ಯುರೋಪಿನಲ್ಲಿ ಕಾನೂನೇ ಆಗಿದೆ. 2023ರ ಯುರೋಪಿಯನ್ ಒಕ್ಕೂಟದ ಕಾಯ್ದೆ ಮರದ ಜೊತೆಗೆ ಕಾಫಿ, ರಬ್ಬರ್, ಕೋಕೋಗಳನ್ನೂ ಸೇರಿಸಿದೆ. ಜಾರಿಯ ದಿನ ಮುಂದೂಡಿಕೆಯಾಗಿದ್ದರೂ ಷರತ್ತಿನ ತಿರುಳು ಇದು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದು ಅಲ್ಲಿಗೆ ಹೋಗುವಂತಿಲ್ಲ, ಬೆಳೆದ ಜಮೀನಿನ ಜಿಪಿಎಸ್ ಗುರುತು ಕೊಡಬೇಕು. 4 ಹೆಕ್ಟೇರ್‌ಗಿಂತ, ಅಂದರೆ ಸುಮಾರು 10 ಎಕರೆಗಿಂತ ದೊಡ್ಡ ತಾಕಾದರೆ ಸುತ್ತಲಿನ ಗಡಿಯ ಗುರುತೇ ಬೇಕು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಯಲ್ಲಿ ದೊಡ್ಡ ಪಾಲು ಯುರೋಪಿಗೇ ಹೋಗುವುದರಿಂದ ಇದು ನೇರ ನಮ್ಮ ತೋಟದ ವಿಷಯ.

ಹಾಗಾಗಿ ಜೇಬಲ್ಲಿರುವ ಮೊಬೈಲನ್ನು ಈಗಲೇ ಕೆಲಸಕ್ಕೆ ಹಚ್ಚಿ. ಗಿಡ ಹಾಕುವಾಗ ನರ್ಸರಿ ಬಿಲ್ಲಿನ ಫೋಟೋ ತೆಗೆದಿಡಿ. ಲೊಕೇಶನ್ ಆನ್ ಮಾಡಿಕೊಂಡು ವರ್ಷಕ್ಕೊಮ್ಮೆ ತಾಕಿನ ನಾಲ್ಕೂ ಮೂಲೆಯಿಂದ ಫೋಟೋ ಹೊಡೆಯಿರಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಮರಗಳನ್ನು ಬಿಡದೆ ದಾಖಲಿಸಿ, ಆಮೇಲೆ ಪಹಣಿ ತೆಗೆಸಿ ಅದರಲ್ಲಿ ಬಂದಿದೆಯಾ ಅಂತ ನೋಡಿ. ಕಾಫಿ ಬೆಳೆಗಾರರು ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ನೋಂದಣಿ ವಿಚಾರಿಸಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಕೆಲಸ ಮೊದಲು ಮುಗಿಸಿ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯೋದು.