ಗಾಜಿನ ತೊಟ್ಟಿಯ ಜಲಸಸ್ಯಗಳು

ಹುಮನಾಬಾದಿನ ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ, ಕಿಟಕಿಯ ಬಳಿ ಇರುವ ಮೀನಿನ ತೊಟ್ಟಿಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಬಸವಕಲ್ಯಾಣದ ತ್ರಿಪುರಾಂತ ಕೆರೆಯಿಂದ ತಂದು ಅದರಲ್ಲಿ ನೆಟ್ಟ ಹೈಡ್ರಿಲ್ಲವು ಕೆಲವೇ ವಾರಗಳಲ್ಲಿ ನೀರಿನ ಮೇಲೆ ಚಪ್ಪರದಂತೆ ಹರಡಿತು; ಅದರಡಿಯಲ್ಲಿದ್ದ ವ್ಯಾಲಿಸ್ನೇರಿಯವು ಹಳದಿಗೂಡಿತು. ಬಡವಾದ ಗಿಡಕ್ಕೆ ಸಗಣಿಗೊಬ್ಬರ ಹಾಕೋಣವೆಂದು ಮಕ್ಕಳು ಕೇಳಲು, ನಾವು ಯೋಚಿಸದೆ ಒಪ್ಪಿದೆವು. ಗೊಬ್ಬರವು ಕೊಳೆತು ನೀರಿನ ಆಮ್ಲಜನಕವನ್ನು ಹೀರಿತು, ಪಾಚಿ ಹಬ್ಬಿತು, ಎರಡು ಮೀನುಗಳು ಸತ್ತವು. ಆ ತಪ್ಪು ಮಕ್ಕಳದಲ್ಲ, ನಮ್ಮದು.

ನಿಜವಾಗಿ ಕೊರತೆಯಿದ್ದುದು ಬೆಳಕಿಗೆ. ಹೈಡ್ರಿಲ್ಲವು ಮಂದ ಬೆಳಕಿನಲ್ಲಿಯೂ ಮೇಲಕ್ಕೇರಿ, ಉಳಿದ ಗಿಡಗಳಿಗೆ ನೆರಳು ಕವಿಸುವುದು. ಆದುದರಿಂದ ಬಡ ಗಿಡವನ್ನು ಪೋಷಿಸುವುದಕ್ಕಿಂತ ಮೊದಲು ಬಲಿತುದನ್ನು ಕತ್ತರಿಸಬೇಕು. ಈಗ ನಾವು ವಾರಕ್ಕೊಮ್ಮೆ ಅದರ ತುದಿಗಳನ್ನು ಕತ್ತರಿಸಿ, ನಾಲ್ಕಾರನ್ನು ಮಾತ್ರ ಕಿಟಕಿಗೆ ದೂರವಾದ ಮೂಲೆಯಲ್ಲಿ ನೆಡುತ್ತೇವೆ. ತುಂಡುಗಳನ್ನು ನೀರಿನಲ್ಲಿ ಬಿಡಕೂಡದು. ಒಂದು ಗೆಣ್ಣು ಉಳಿದರೂ ಅದು ಚಿಗುರುವುದು. ವ್ಯಾಲಿಸ್ನೇರಿಯವು ಆಹಾರವನ್ನು ಹೆಚ್ಚಾಗಿ ಬೇರಿನಿಂದಲೇ ಪಡೆಯುವುದರಿಂದ, ಅದರ ತಳಕ್ಕೆ ತೆಳುವಾಗಿ ಕೆರೆಯ ಮಣ್ಣನ್ನು ಹಾಸಿ ಮೇಲೆ ತೊಳೆದ ಮರಳನ್ನು ಹರಡಬೇಕು. ಎಲೆಗಳು ಹೊರಡುವ ಬುಡವು ಮರಳಿನಲ್ಲಿ ಹೂತುಹೋದರೆ ಗಿಡವು ಕೊಳೆಯುವುದು. ನಮ್ಮ ತೊಟ್ಟಿಯಲ್ಲಿ ಹೊಸ ಎಲೆ ಕಾಣುವುದಕ್ಕೆ ಒಂದು ತಿಂಗಳು ಹಿಡಿಯಿತು.

ಕತ್ತರಿಸಿದ ಎಳೆಗಳನ್ನು ಹತ್ತನೆಯ ತರಗತಿಯವರು ಆಲಿಕೆಯಡಿಯಲ್ಲಿಟ್ಟು, ಬಿಸಿಲಿನಲ್ಲಿ ಏಳುವ ಆಮ್ಲಜನಕದ ಗುಳ್ಳೆಗಳನ್ನು ಎಣಿಸುತ್ತಾರೆ.