ಕಾಡಿಗೆ ಹೋಗೋಣ ಅಂದ್ರೆ, ಯಾವ ಕಾಡಿಗೆ?

ಕೊನೇ ಪೇಪರ್ ಮುಗಿದ ಸಂಜೆ ಹಾಸ್ಟೆಲಿನಲ್ಲಿ ನಡೆಯೋ ಚರ್ಚೆ ನಿಮಗೆಲ್ಲ ಗೊತ್ತೇ ಇದೆ. ಗೋವಾ ಅಂತ ಶುರುವಾಗುತ್ತದೆ, ದುಡ್ಡಿನ ಲೆಕ್ಕಕ್ಕೆ ಬಂದಾಗ ಮದ್ದೂರು ವಡೆಗೆ ಬಂದು ನಿಲ್ಲುತ್ತದೆ. ಈ ಸಲ ನಮ್ಮ ಗುಂಪು ಸಫಾರಿ ಅಂತ ಹಠ ಹಿಡಿಯಿತು. ಒಬ್ಬ ರೀಲ್ಸ್ ನೋಡಿ ಮಸಾಯಿ ಮಾರಾ ಅಂದ. ಇನ್ನೊಬ್ಬ ಸ್ವಲ್ಪ ಇಳಿದು ರಣಥಂಬೋರ್ ಅಂದ. ಮೂಲೆಯಲ್ಲಿ ಕೂತಿದ್ದ ಸರಗೂರು ಕಡೆಯ ಗೆಳೆಯ, "ಹುಲಿ ನೋಡೋಕೆ ಅಷ್ಟು ದೂರ ಯಾಕ್ ಮಗಾ? ನಮ್ಮೂರಲ್ಲಿ ಅದೇ ನಮ್ಮನ್ನ ನೋಡೋಕೆ ಬರ್ತದೆ" ಅಂದ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ.

ಅವನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ನಕ್ಷೆ ತೆಗೆಯಿರಿ. ಗೆಜ್ಜಲಗೆರೆಯ ಮನ್‌ಮುಲ್ ಡೈರಿ ಎದುರು ಹೆದ್ದಾರಿಯಲ್ಲಿ ನಿಂತರೆ, ಅರ್ಧ ದಿನದೊಳಗೆ ಮುಟ್ಟಬಹುದಾದ ಹುಲಿ ಮೀಸಲು ಕಾಡುಗಳಲ್ಲಿ ಮೂರು: ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ. 2022ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 563 ಹುಲಿ ಇವೆ, ಮಧ್ಯಪ್ರದೇಶ ಬಿಟ್ಟರೆ ನಾವೇ. 2023ರ ಆನೆ ಗಣತಿಯ ಅಂದಾಜು 6,395. ಇಷ್ಟನ್ನೂ ಪಕ್ಕದಲ್ಲಿಟ್ಟುಕೊಂಡು ಕೀನ್ಯಾಗೆ ಟಿಕೆಟ್ ಹುಡುಕೋದು, ಮನೇಲಿ ರಾಗಿಮುದ್ದೆ ಆರೋಕೆ ಬಿಟ್ಟು ಹೋಟೆಲಿಗೆ ಹೋದ ಹಾಗೆ.

ಎಲ್ಲರೂ ಕೇಳೋ ಮೊದಲ ಪ್ರಶ್ನೆ: "ಹುಲಿ ಸಿಗುತ್ತಾ?" ಇದನ್ನ ನಮ್ಮ ಸಂಭವನೀಯತೆ ಪಾಠಕ್ಕೆ ಹಾಕಿ ನೋಡೋಣ. ಒಂದು ಸಫಾರಿಯಲ್ಲಿ ಹುಲಿ ಕಾಣೋ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಸಂಖ್ಯೆ, ಇಲಾಖೆಯದ್ದಲ್ಲ. ಕಾಣದೇ ಇರೋ ಸಾಧ್ಯತೆ ಮುಕ್ಕಾಲು. ಎರಡು ಸಫಾರಿ ಮಾಡಿದರೆ ಒಮ್ಮೆಯಾದರೂ ಕಾಣೋ ಸಾಧ್ಯತೆ ಸುಮಾರು ಶೇ. 44, ಮೂರಕ್ಕೆ 58, ನಾಲ್ಕಕ್ಕೆ 68. ಅಂದರೆ ನಾಲ್ಕು ಸಲ ಹೋದರೂ ಮೂರರಲ್ಲಿ ಒಂದು ಗುಂಪು ಬರಿಗೈಲಿ ಬರುತ್ತದೆ.

ಇಲ್ಲೊಂದು ತಿರುವಿದೆ. ಈ ಸೂತ್ರ ಪ್ರತಿ ಸಫಾರಿಯೂ ಸ್ವತಂತ್ರ ಎಂದು ಭಾವಿಸುತ್ತದೆ. ಕಾಡಲ್ಲಿ ಹಾಗಿಲ್ಲ. ಬೆಳಿಗ್ಗೆ ಹುಲಿ ಬೇಟೆ ಕೆಡವಿದ್ದರೆ ಸಂಜೆಯೂ ಅಲ್ಲೇ ಆಸುಪಾಸಿನಲ್ಲಿ ಇರಬಹುದು. ಡ್ರೈವರಿಗೆ ಅದು ಗೊತ್ತಿರುತ್ತದೆ. ಜಿಂಕೆ, ಕಡವೆ, ಮುಸುವಗಳು ಎಲ್ಲಿ ಎಚ್ಚರಿಕೆ ಕೂಗು ಹಾಕಿದವು ಅನ್ನೋದು ಮುಂದಿನ ಸವಾರಿಗೆ ಮಾಹಿತಿ. ಅದಕ್ಕೇ ನನ್ನ ಸಲಹೆ: ಮೂರು ದಿನಕ್ಕೆ ಮೂರು ಕಾಡು ಸುತ್ತಬೇಡಿ. ಒಂದೇ ಕಾಡಿನ ಹತ್ತಿರ ಎರಡು ರಾತ್ರಿ ಉಳಿದು, ಬೆಳಿಗ್ಗೆ-ಸಂಜೆ ಎರಡೂ ಹೊತ್ತು ಹೋಗಿ.

ಅಂದಹಾಗೆ, ಹುಲಿ ಎಣಿಸೋ ಕ್ರಮವೂ ನಮ್ಮ ಸಿಲಬಸ್ಸಿನ ಹತ್ತಿರದ್ದೇ. ಹಿಂದೆ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಅದು ಸರಿಯಾದ ಲೆಕ್ಕ ಕೊಡಲ್ಲ ಎಂದು ವಾದಿಸಿ, ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಅಂಕಿಅಂಶದ ದಾರಿ ತೋರಿಸಿದವರು ಕೆ. ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ. ಓದಿದ್ದು ಸುರತ್ಕಲ್‌ನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್! (ಮೆಕ್ ಹುಡುಗರು ಕಾಲರ್ ಎತ್ತಿಕೊಳ್ಳಬಹುದು.) ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರೋದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಮೊದಲ ಸುತ್ತಲ್ಲಿ 20 ಹುಲಿಗಳ ಫೋಟೋ ಸಿಕ್ಕಿತು, ಎರಡನೇ ಸುತ್ತಲ್ಲಿ 24, ಅದರಲ್ಲಿ 12 ಹಳೇ ಮುಖಗಳೇ ಅನ್ನಿ. ಆಗ ಒಟ್ಟು ಹುಲಿ 20 × 24 ÷ 12, ಅಂದರೆ ಸುಮಾರು 40. ನಿಜವಾದ ಲೆಕ್ಕ ಇದಕ್ಕಿಂತ ತುಂಬಾ ಜಟಿಲ, ಆದರೆ ಬೇರು ಇದೇ. ಕಾಣದ್ದನ್ನೂ ಎಣಿಸೋ ಈ ಉಪಾಯ ನನಗಂತೂ ಹುಲಿಗಿಂತ ಚೆಂದ ಕಂಡಿತು.

ಸರಿ, ಕಾಡುಗಳಿಗೆ ಬರೋಣ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತರಲ್ಲಿ ಒಂದು. ಮೈಸೂರಿನಿಂದ ಸುಮಾರು 80 ಕಿ.ಮೀ., ಊಟಿ ಬಸ್ ಹತ್ತಿದರೆ ಸಾಕು. ಹಾಗಾಗಿ ನಮ್ಮಂಥವರ ಜೇಬಿಗೆ ಇದೇ ಹಗುರ. ಇಲಾಖೆಯ ಬಸ್ ಸಫಾರಿ ಅಗ್ಗ, ಜೀಪು ದುಬಾರಿ. ಬಸ್ಸಲ್ಲಿ ನಾಲ್ಕು ಜನ ಪಿಸುಗುಟ್ಟದೆ ಇರಲ್ಲ, ಅದೊಂದೇ ಕಷ್ಟ. ಎಲೆ ಉದುರೋ ಕಾಡಾದ್ದರಿಂದ ಬೇಸಿಗೆಯಲ್ಲಿ ದೂರದವರೆಗೆ ಕಣ್ಣು ಹರಿಯುತ್ತದೆ, ಲಂಟಾನ ಬೆಳೆದ ಕಡೆ ಮಾತ್ರ ಮೂರು ಮಾರು ಆಚೆಯೂ ಕಾಣಲ್ಲ. ಬೈಕಲ್ಲಿ ಹೋಗೋರಿಗೆ ಒಂದು ಮಾತು: ಕಾಡಿನ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸೆಲ್ಫಿಗೆ ಅಂತ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ. ಆನೆಗೆ ನಿಮ್ಮ ಫಾಲೋವರ್ಸ್ ಎಷ್ಟು ಅಂತ ಗೊತ್ತಿರಲ್ಲ.

ನಾಗರಹೊಳೆಯ ಕಬಿನಿ ಕಡೆಯದ್ದು ಬೇರೆಯೇ ನೋಟ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಜಾಗದಲ್ಲಿ ಹುಲ್ಲು ಚಿಗುರುತ್ತದೆ, ಆನೆ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಏಪ್ರಿಲ್‌ನಲ್ಲಿ ಇದನ್ನು ನೋಡಿದವನು ಹುಲಿ ಸಿಗಲಿಲ್ಲ ಎಂದು ಗೊಣಗೋದು ಕಡಿಮೆ. ಆದರೆ ಅಲ್ಲಿನ ರೆಸಾರ್ಟ್‌ಗಳ ದರ ವಿದ್ಯಾರ್ಥಿಗಳಿಗಲ್ಲ. ಎಚ್.ಡಿ. ಕೋಟೆಯಲ್ಲಿ ಉಳಿದು ದಮ್ಮನಕಟ್ಟೆಯಿಂದ ಇಲಾಖೆಯ ಸಫಾರಿ ಹಿಡಿಯೋದು ಜಾಣತನ.

ಬಿಳಿಗಿರಿರಂಗನ ಬೆಟ್ಟಕ್ಕೆ ನಾವು ಮೈಸೂರು ಮುಟ್ಟಬೇಕಾಗಿಯೇ ಇಲ್ಲ: ಮದ್ದೂರು, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು. ಸಫಾರಿ ಕೆ. ಗುಡಿಯಿಂದ. ಕುರುಚಲು ಕಾಡಲ್ಲಿ ಹೊರಟು ಮೇಲೆ ಶೋಲಾವರೆಗೆ ಕಾಡಿನ ಬಗೆಯೇ ಬದಲಾಗುತ್ತಾ ಹೋಗುತ್ತದೆ. ಇದು ಸೋಲಿಗರ ನಾಡು. 2011ರಲ್ಲಿ ಇದು ಹುಲಿ ಮೀಸಲಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಹುಲಿ ಕಾಣೋ ಆಸೆ ಕಡಿಮೆ ಇಟ್ಟುಕೊಂಡು ಹೋಗಿ, ಕಾಟಿ ಮತ್ತು ಕಾಡು ಎರಡೂ ಸಿಗುತ್ತವೆ.

ದುಡ್ಡೇ ಇಲ್ಲ ಅನ್ನೋರಿಗೆ ನಮ್ಮ ಮದ್ದೂರು ತಾಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಜೀಪಿಲ್ಲ, ಗೈಡಿಲ್ಲ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಮಳೆ ಹಿಡಿಯೋ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ನೋಡಿಕೊಳ್ಳುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಫಸಲು ಹೋದರೂ ಮರ ಕಡಿಯದ ಜನ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ನಾಲ್ಕು ವರ್ಷ ಇಲ್ಲೇ ಓದಿ ಇದನ್ನು ನೋಡದೆ ಹೋಗೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೂ ಮೂರನೇ ವರ್ಷದವರೆಗೆ ಆ ಪಟ್ಟಿಯಲ್ಲೇ ಇದ್ದೆ.

ಮುತ್ತತ್ತಿ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅದು ಕಾವೇರಿ ವನ್ಯಧಾಮದ ಜಾಗ. ದಡದಲ್ಲಿ ಕೂತು ನದಿ ನೋಡಿ, ಭೀಮೇಶ್ವರಿಯಲ್ಲಿ ಲೈಫ್ ಜಾಕೆಟ್ ಹಾಕಿ ದೋಣಿ ಹತ್ತಿ. ಈಜೋಕೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿ ಇರುತ್ತದೆ. ಅಲ್ಲಿ ಮುಳುಗಿ ಸತ್ತ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ ನಾವು? ಅವರೂ ಪರೀಕ್ಷೆ ಮುಗಿಸಿ ಹೊರಟವರೇ.

ಈಗ ಸರಗೂರಿನ ಗೆಳೆಯ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಅವನ ತಾಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯೋ ಕಾರ್ಯಾಚರಣೆಗೆ ಹಾಕಲು ಹೇಳಿತು. ಸಫಾರಿ ಗದ್ದಲಕ್ಕೇ ಪ್ರಾಣಿಗಳು ಊರಿಗೆ ಬರ್ತಿವೆ ಅನ್ನೋದು ರೈತರ ದೂರು. ಅದೊಂದೇ ಕಾರಣ ಅಂತ ನನಗನ್ನಿಸಲ್ಲ. ಮುದಿಯಾದ, ಗಾಯಗೊಂಡ ಹುಲಿಗೆ ಕಾಡಂಚಿನ ದನ ಸುಲಭದ ತುತ್ತು. ನಮ್ಮ ಮಳವಳ್ಳಿ, ಮದ್ದೂರು ಕಡೆ ಆನೆಗಳು ಕಬ್ಬಿನ ಗದ್ದೆಗೆ ಇಳಿಯುತ್ತವಲ್ಲ, ಅಲ್ಲಿ ಯಾವ ಸಫಾರಿ ಜೀಪಿದೆ? ಆದರೆ ನಾವು ಟಿಕೆಟ್ ಕೊಟ್ಟು ನೋಡೋ ಪ್ರಾಣಿ ಇನ್ನೊಬ್ಬರ ಹೊಲದಲ್ಲಿ ಪುಕ್ಕಟೆಯಾಗಿ ಎದುರಾಗುತ್ತದೆ ಅನ್ನೋ ಅವನ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹೊರಡೋ ಮೊದಲು ಸಫಾರಿ ನಡೀತಿದೆಯಾ ಅಂತ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ.

ಕೊನೆಗೆ ನಾವು ಆರಿಸಿದ್ದು ಬಿಳಿಗಿರಿರಂಗನ ಬೆಟ್ಟ, ಎರಡು ರಾತ್ರಿ. ಅದಾದ ಮೇಲೆ ಒಂದು ದಿನ ಅವನ ಮನೆಗೆ. "ಬನ್ನಿ, ಅಮ್ಮ ಒತ್ತುಶಾವಿಗೆ ಮಾಡ್ತಾರೆ. ಬೈಕ್ ಬೇಡ, ಬಸ್ಸಲ್ಲಿ ಬನ್ನಿ. ಏನೇ ಆದ್ರೂ ಆರು ಗಂಟೆ ಒಳಗೆ ಊರು ಸೇರ್ಬಿಡಿ" ಅಂದಿದ್ದಾನೆ.